ಕೇಳಿದವರಿಗೆ ಸಿಗುವ ಪೊಟ್ಟಣ

ಕ್ಲಿನಿಕ್ಕಿಗೆ ಒಬ್ಬಾತ ಬರುತ್ತಾನೆ. ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ, ಏನಾದರೂ ಔಷಧಿ ಕೊಡಿ ಎನ್ನುತ್ತಾನೆ. ಅಂಥ ಮಗು ಇಲ್ಲವೇ ಇಲ್ಲ. ಆತ ಸಂಶೋಧಕರು ತರಬೇತಿ ಕೊಟ್ಟು ಕಳಿಸಿದವನು. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರು ಮತ್ತು ಔಷಧಿ ಅಂಗಡಿಗಳಲ್ಲಿ ಹೀಗೆ ನಡೆದ ಅಧ್ಯಯನ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಭೇದಿಗೆ ಓಆರ್‌ಎಸ್ ಎಂಬ, ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ ಕೊಡಬೇಕೆಂದು ಗೊತ್ತಿದ್ದೂ ವೈದ್ಯರು ಯಾಕೆ ಬರೆಯುವುದಿಲ್ಲ ಎಂಬುದು ಅದರ ಪ್ರಶ್ನೆ.

ಹೀಗೆ ಬರೆಯದಿರುವುದರಲ್ಲಿ ದಾಸ್ತಾನಿಲ್ಲದಿರುವುದಕ್ಕೆ ಸಿಕ್ಕ ಪಾಲು ಶೇ 6, ಲಾಭದ ಆಸೆಗೆ ಶೇ 5. ‘ಇವರಿಗೆ ಓಆರ್‌ಎಸ್ ಬೇಕಾಗಿಲ್ಲ’ ಎಂಬ ವೈದ್ಯರ ಊಹೆಗೆ ಶೇ 42. ಬಂದವನು ಫೋನಿನಲ್ಲಿ ಓಆರ್‌ಎಸ್ ಪೊಟ್ಟಣದ ಚಿತ್ರ ತೋರಿಸಿ ಇದು ಆಗುತ್ತದಾ ಎಂದರೆ ಸಾಕು, ಬರೆದುಕೊಡುವವರ ಪ್ರಮಾಣ 27 ಶೇಕಡಾ ಅಂಶಗಳಷ್ಟು ಏರಿತು.

ಈ ಅಧ್ಯಯನದ ಬಗ್ಗೆ ನನಗೆ ಗೌರವವಿದೆ. ಔಷಧಿ ಕಂಪನಿಗಳನ್ನೋ ಸರಬರಾಜನ್ನೋ ಬೈದು ಸುಮ್ಮನಾಗುವ ನಮ್ಮ ರೂಢಿಯನ್ನು ಅದು ಅಲುಗಾಡಿಸಿತು. ಆದರೆ ಅದರ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಪರೀಕ್ಷೆಗೆ ಮಗುವೇ ಎದುರಿಗಿರಲಿಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಅದು ಎಷ್ಟು ನಿಧಾನವಾಗಿ ಇಳಿಯುತ್ತದೆ, ಕಣ್ಣು ಗುಳಿಬಿದ್ದಿದೆಯೇ, ಕೊಟ್ಟ ನೀರನ್ನು ಆತುರದಿಂದ ಕುಡಿಯುತ್ತಿದೆಯೇ ಎಂದು ನೋಡುವ ಅವಕಾಶ ವೈದ್ಯರಿಗೆ ಇರಲಿಲ್ಲ. ಇನ್ನೊಂದು ಮಾತು: ‘ಜನರೇ ಕೇಳುವುದಿಲ್ಲ’ ಎಂದು ಇದನ್ನು ತಾಯಂದಿರ ತಲೆಗೆ ಕಟ್ಟುವುದು ಸುಲಭ. ತಪ್ಪು ಊಹಿಸಿದ ವೈದ್ಯರದ್ದು. ಅವರು ಕೇಳಿಯೇ ಇರಲಿಲ್ಲ.

ತಾಯಿಯನ್ನು ನಂಬಿದರೆ ಏನಾಗುತ್ತದೆಂದು 1971ರಲ್ಲೇ ಗೊತ್ತಾಗಿತ್ತು. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಲೋಟವನ್ನು ಮನೆಯವರ ಕೈಗೇ ಕೊಟ್ಟರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಕೆಲಸ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯದು. 1980ರಿಂದ ಹತ್ತು ವರ್ಷ ಅದರ ಕಾರ್ಯಕರ್ತೆಯರು ಮನೆಮನೆ ಸುತ್ತಿದರು, ಒಂದು ಕೋಟಿಗೂ ಹೆಚ್ಚು ಮನೆ. ಕಲಿಸಿದ್ದು ಇಷ್ಟು: ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾವು ಕಲಸಿ ತೋರಿಸಿ ಎದ್ದು ಹೋಗುತ್ತಿರಲಿಲ್ಲ, ತಾಯಿಯ ಕೈಯಲ್ಲೇ ಕಲಸಿಸುತ್ತಿದ್ದರು. ಆಮೇಲೆ ಬೇರೊಬ್ಬರು ಬಂದು ಕೆಲವು ತಾಯಂದಿರನ್ನು ಆರಿಸಿ ಪರೀಕ್ಷಿಸುತ್ತಿದ್ದರು; ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಾರ್ಯಕರ್ತೆಯ ಸಂಬಳ. ಎಷ್ಟು ಮನೆ ಹೊಕ್ಕೆವು ಎಂದು ರಿಜಿಸ್ಟರ್ ತುಂಬಿಸುವ ಕಾರ್ಯಕ್ರಮಗಳ ನಡುವೆ ಇದು ನಿಜಕ್ಕೂ ಬೇರೆ. ಕುಂದೂ ಇತ್ತು: ಚಿಟಿಕೆ ಎಲ್ಲರದ್ದೂ ಒಂದೇ ಅಳತೆಯಲ್ಲ, ಬೆಲ್ಲದ ನೀರಿನಲ್ಲಿ ಪೊಟ್ಟಣದಷ್ಟು ಪೊಟ್ಯಾಸಿಯಮ್ ಇರುವುದಿಲ್ಲ. ಕಲಿತವರೆಲ್ಲ ಬಳಸಲೂ ಇಲ್ಲ.

ಪೊಟ್ಟಣ ಬಂದಮೇಲೆ ಅಳತೆಯ ಕಷ್ಟ ತೀರಿತು, ಕಲಿಸುವ ಶ್ರದ್ಧೆ ಸಡಿಲವಾಯಿತು. ಒಂದು ಲೀಟರಿನ ಪೊಟ್ಟಣವಾದರೆ ಅಷ್ಟೇ ನೀರಿಗೆ ಇಡೀ ಪೊಟ್ಟಣ ಸುರಿಯಬೇಕು. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಕೌಂಟರಿನಲ್ಲಿ ಇದನ್ನು ಹೇಳಲು ಬೇಕಾದದ್ದು ಅರ್ಧ ನಿಮಿಷ. ಜೊತೆಗೆ ಕೊಡಬೇಕಾದ ಜಿಂಕ್ ಮಾತ್ರೆಯದೂ ಇದೇ ಕಥೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ 10ರಿಂದ 14 ದಿನ ಕೊಡಿ ಎಂದವು. ಮೂರನೇ ದಿನ ಭೇದಿ ನಿಂತರೆ ಮಾತ್ರೆಯೂ ನಿಲ್ಲುತ್ತದೆ, ಯಾಕೆ ಮುಂದುವರಿಸಬೇಕೆಂದು ಯಾರೂ ಹೇಳಿರುವುದಿಲ್ಲ.

ಓಆರ್‌ಎಸ್ ಭೇದಿಯನ್ನು ಕೂಡಲೇ ನಿಲ್ಲಿಸುವುದಿಲ್ಲ, ಮೈಯಿಂದ ಹೋದ ನೀರು ಮತ್ತು ಉಪ್ಪನ್ನು ತುಂಬಿಕೊಡುತ್ತದೆ. ಇದನ್ನು ತಿಳಿಸದೆ ಪೊಟ್ಟಣ ಕೊಟ್ಟರೆ ತಾಯಿ ಮರುದಿನ ಸಲೈನ್ ಬಾಟ್ಲಿ ಹಾಕಿಸಲು ಬಂದೇ ಬರುತ್ತಾಳೆ. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ತಡೆದು, ಮತ್ತೆ ಚಮಚ ಚಮಚವಾಗಿ ಕುಡಿಸಬೇಕು. ರಾತ್ರಿಯಿಡೀ ಆ ಚಮಚ ಹಿಡಿದು ಕೂರುವವಳು ಅವಳೇ.