ನಕಲಿನಲ್ಲಿ ಬಾರದ ಹೆಸರುಗಳು

ಮದುವೆಗೆ ಮುಂಚೆ ಅಮ್ಮನ ಹಾಡಿನ ಪುಸ್ತಕವನ್ನು ನಾನು ಹದಿನೈದು ದಿನ ಕೂತು ನಕಲು ಮಾಡಿಕೊಂಡೆ. ಹಾಡುಗಳೆಲ್ಲ ಬಂದವು. ‘ಇದು ಸೀತತ್ತೆ ಹೇಳಿಕೊಟ್ಟದ್ದು’ ಎಂಬಂಥ ಅಂಚಿನ ಬರಹಗಳನ್ನು ಮಾತ್ರ, ಇವೇಕೆ ಎಂದು ಬಿಟ್ಟುಬಿಟ್ಟೆ. ಮೂಲ ಪುಸ್ತಕ ಗೆದ್ದಲಿನ ಪಾಲಾಯಿತು. ಈಗ ಹಾಡುಗಳಿವೆ, ಹೇಳಿಕೊಟ್ಟವರಿಲ್ಲ.

ಆ ನೋವು ಮೊನ್ನೆ ಮತ್ತೆ ಚುಚ್ಚಿತು. 1969ರಲ್ಲಿ ಚಂದ್ರನಿಗೆ ಹೋದ ಅಪೊಲೊ 11ರ ಕಂಪ್ಯೂಟರಿಗೆ ಬರೆದ ಸೂಚನೆಗಳೆಲ್ಲ ಇಂದು ಗಿಟ್‌ಹಬ್ ಎಂಬ ಭಂಡಾರದಲ್ಲಿ ಸಿಗುತ್ತವೆ. ಮಗಳು ಒಂದೇ ಸಾಲು ಟೈಪು ಮಾಡಿ ಅಷ್ಟನ್ನೂ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡಳು. ಇದಕ್ಕೆ ‘ಕ್ಲೋನ್’ ಎನ್ನುತ್ತಾರಂತೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಎಂಬ ತಂತ್ರಾಂಶದ ಹೆಚ್ಚುಗಾರಿಕೆ ಇದು: ಕಡತಗಳಷ್ಟೇ ಅಲ್ಲ, ಯಾವ ಸಾಲನ್ನು ಯಾರು, ಯಾವಾಗ ತಿದ್ದಿದರೆಂಬ ಚರಿತ್ರೆಯೂ ಜೊತೆಗೇ ಬರುತ್ತದೆ. ದೂರದ ಭಂಡಾರ ಹಾಳಾದರೂ ಮನೆಯ ಪ್ರತಿಯಿಂದ ಅದನ್ನು ಮತ್ತೆ ಕಟ್ಟಬಹುದು. ನನ್ನ ನಕಲಿಗಿಂತ ಎಷ್ಟು ದೊಡ್ಡ ಮನಸ್ಸಿನದು!

ಮಗಳ ಪಕ್ಕ ಕೂತು ಓದಿಸಿಕೊಂಡೆ. ಚಂದ್ರನ ಮೇಲೆ ಇಳಿಯುವ ಭಾಗದಲ್ಲಿ ಯಾರೋ ಎರಡು ಸಾಲು ಬರೆದು, ಇದು ತಾತ್ಕಾಲಿಕವಾಗಿರಲಿ ಎಂದು ಆಶಿಸುತ್ತ ಆ ‘ಆಶೆ’ಯನ್ನು ಮೂರು ಸಲ ಬರೆದಿದ್ದಾರೆ. ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದು ಒದ್ದಾಡುವ ನಮ್ಮದೇ ದನಿ! ಇನ್ನೊಂದು ಕಡೆ, ಮಾತೃನೌಕೆಯ ಸೂಚನೆಗಳ ಆರಂಭದಲ್ಲಿ, 28 ಮಾರ್ಚ್ 1969ರ ದಿನಾಂಕದೊಡನೆ ಮಾರ್ಗರೆಟ್ ಹ್ಯಾಮಿಲ್ಟನ್ ಎಂಬ ಹೆಣ್ಣುಮಗಳ ಹೆಸರು. ಆ ತಂಡದ ಮುಖ್ಯಸ್ಥೆ ಆಕೆ. ನೋಡಿ ಹಿಗ್ಗಿದೆ.

ಆದರೆ ಚರಿತ್ರೆಯ ಪುಟ ತೆರೆದಾಗ ನಿರಾಸೆಯಾಯಿತು. ಅಲ್ಲಿರುವುದು ನಮ್ಮ ಕಾಲದವರು ಹಳೆಯ ಮುದ್ರಿತ ಪ್ರತಿಯೊಡನೆ ಹೋಲಿಸಿ ತಪ್ಪು ತಿದ್ದಿದ ವಿವರ. ಆ ಕೆಲಸ ಸಣ್ಣದಲ್ಲ. ಆದರೆ ಅರವತ್ತರ ದಶಕದ ದುಡಿಮೆ ಆ ಚರಿತ್ರೆಯಲ್ಲಿಲ್ಲ. ಮ್ಯಾಸಚೂಸೆಟ್ಸಿನ ವಾಲ್ಥಮ್‌ನಲ್ಲಿ, ರೇಥಿಯಾನ್ ಕಾರ್ಖಾನೆಯ ಹೆಂಗಸರು ಈ ಸೂಚನೆಗಳನ್ನು ತಂತಿಯಲ್ಲಿ ನೇಯ್ದರು. ಪುಟ್ಟ ಉಂಗುರದೊಳಗೆ ತಂತಿ ಹಾಯ್ದರೆ 1, ಹೊರಗೆ ಸರಿದರೆ 0. ಒಂದು ತಂತಿ ದಾರಿ ತಪ್ಪಿದರೂ ಸೂಚನೆ ಕೆಟ್ಟಂತೆ. ಬರೆದವರಲ್ಲಿ ಕೆಲವರ ಹೆಸರಾದರೂ ಟಿಪ್ಪಣಿಗಳಲ್ಲಿ ಉಳಿದಿದೆ, ನೇಯ್ದವರದು?

ಇದು ಗಿಟ್‌ನ ದೋಷವಲ್ಲ. ಬರೆದಿಟ್ಟದ್ದನ್ನೆಲ್ಲ ಅದು ನಿಷ್ಠೆಯಿಂದ ತರುತ್ತದೆ. ಬರೆಯದೆ ಹೋದದ್ದನ್ನು ಎಲ್ಲಿಂದ ತಂದೀತು? ಬಂದದ್ದೇ ಪೂರ್ಣ ಚರಿತ್ರೆಯೆಂದು ನಂಬುವ ತಪ್ಪು ನಮ್ಮದು. ನಮ್ಮ ಹೆಂಗಸರ ಕೆಲಸಕ್ಕಂತೂ ಈ ಮಾತು ಎಂದಿನಿಂದಲೂ ನಿಜವಲ್ಲವೇ?

ಅಂದು ರಾತ್ರಿ ಹಾಡಿನ ಪುಸ್ತಕ ತೆಗೆದು, ನೆನಪಿದ್ದಷ್ಟು ಹೆಸರುಗಳನ್ನು ಅಂಚಿನಲ್ಲಿ ಬರೆದೆ. ಏಳು ಹಾಡುಗಳಿಗೆ ಸಿಕ್ಕವು. ಉಳಿದವುಗಳ ಎದುರು ಜಾಗ ಬಿಟ್ಟಿದ್ದೇನೆ. ಅಲ್ಲಿ ಯಾರೋ ಇದ್ದರೆಂದು ಮಗಳಿಗಾದರೂ ತಿಳಿಯಲಿ.