ಕೈಗಾ 5 ಮತ್ತು 6: ಒಪ್ಪಿಗೆ ಮೊದಲು, ಅಹವಾಲು ಆಮೇಲೆ

ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿರುವುದು ನಿಮಗೆ ತಿಳಿದೇ ಇದೆ. 5 ಮತ್ತು 6ನೆಯವು ತಲಾ 700 ಮೆಗಾವಾಟ್‌ನ ಭಾರಜಲ ರಿಯಾಕ್ಟರುಗಳು. ಇವುಗಳಿಗೆ ಅನುಮತಿ ದೊರೆತ ಕ್ರಮವನ್ನು ಗಮನಿಸಿ. ಕೇಂದ್ರ ಸಂಪುಟದ ಒಪ್ಪಿಗೆ 2017ರ ಮೇ ತಿಂಗಳಲ್ಲಿ. ಸಾರ್ವಜನಿಕ ಅಹವಾಲು ಸಭೆ 2018ರ ಡಿಸೆಂಬರಿನಲ್ಲಿ. ಕೇಂದ್ರ ಪರಿಸರ ಸಚಿವಾಲಯದ ಅನುಮತಿ 2019ರಲ್ಲಿ. ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗಾಯಿತು!

ಅಹವಾಲಿನಲ್ಲಿ ಚರ್ಚೆಯಾಗಬೇಕಾದ ಭೌತವಿಜ್ಞಾನ ಸರಳವಾದದ್ದೇ. ಇಂಥ ಸ್ಥಾವರದ ದಕ್ಷತೆ ಸುಮಾರು ಮೂರನೆಯ ಒಂದು ಭಾಗ. ಅಂದರೆ 1400 ಮೆಗಾವಾಟ್ ವಿದ್ಯುತ್ತಿಗೆ ಸುಮಾರು 2800 ಮೆಗಾವಾಟ್ ಉಷ್ಣವನ್ನು ಪರಿಸರಕ್ಕೆ ಬಿಡಲೇಬೇಕು. ಜಲಾಶಯಕ್ಕೆ ಬಿಟ್ಟರೆ ನೀರು ಬಿಸಿಯಾಗುತ್ತದೆ. ಶೀತಕ ಗೋಪುರದ ಮೂಲಕ ಬಿಟ್ಟರೆ ನೀರು ಆವಿಯಾಗಿ ಹೋಗುತ್ತದೆ. ಕಾಳಿ ನದಿ ಯಾವುದನ್ನು, ಎಷ್ಟು ತಾಳೀತು? ಈ ಪ್ರಶ್ನೆಯನ್ನು ಕೇಳಬೇಕಾದದ್ದು ನಿರ್ಧಾರಕ್ಕೆ ಮೊದಲು.

ಕಾಗದದ ಮೇಲಿನ ಅನುಮತಿಯೇ ಸುರಕ್ಷತೆಯಲ್ಲ. 1994ರ ಮೇ 13ರಂದು, ನಿರ್ಮಾಣದ ಹಂತದಲ್ಲೇ, ಕೈಗಾದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲ, ಅದು ನಮ್ಮ ಪುಣ್ಯ. ಬಳಿಕ ವಿನ್ಯಾಸವನ್ನು ಪರಿಶೀಲಿಸಿ, ತಿದ್ದಿ ಕಟ್ಟಲಾಯಿತು. ಅದೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ನಡೆದು ದಾಖಲೆ ಮಾಡಿತು. ಪ್ರಶ್ನೆಗಳು ಸ್ಥಾವರದ ಶತ್ರುಗಳಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?