ಧೋಂಡಿಯ ವಾಘ್ ಯಾಕೆ ಕತ್ತಿ ಹಿಡಿದ? ಪ್ರೌಢಶಾಲೆಯ ಚರ್ಚಾಸ್ಪರ್ಧೆಗಳ ಬಗ್ಗೆ

ಪ್ರತಿಭಾ ಕಾರಂಜಿಯ ದಿನಗಳು ಹತ್ತಿರ ಬಂದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಸುತ್ತಲಿನ ಪ್ರೌಢಶಾಲೆಗಳಲ್ಲೂ ಚರ್ಚಾಸ್ಪರ್ಧೆಯ ತಯಾರಿ ನಡೆಯುತ್ತದೆ. ವಿಷಯ ಯುದ್ಧಕ್ಕೆ ಸಂಬಂಧಿಸಿದ್ದಾದರೆ ಸಾಮಾನ್ಯವಾಗಿ ಒಂದೇ ರೂಪದಲ್ಲಿರುತ್ತದೆ: ‘ಯುದ್ಧ ಅನಿವಾರ್ಯವೇ?’ ಮೇಷ್ಟ್ರು ಪರಕ್ಕೊಂದು, ವಿರೋಧಕ್ಕೊಂದು ಭಾಷಣ ಬರೆದುಕೊಡುತ್ತಾರೆ, ಮಕ್ಕಳು ಉರು ಹೊಡೆಯುತ್ತಾರೆ. ‘ಮಾನ್ಯ ತೀರ್ಪುಗಾರರೇ, ನನ್ನ ಎದುರಾಳಿ ಮಿತ್ರರೇ’ ಎಂದು ಶುರುವಾಗುವ ಮಾತು ಕಳಿಂಗ, ಕುರುಕ್ಷೇತ್ರ, ಹಿರೋಶಿಮಾಗಳನ್ನು ಒಂದೇ ಉಸಿರಿನಲ್ಲಿ ದಾಟಿ ಗಂಟೆ ಬಾರಿಸುವುದರೊಳಗೆ ಮುಗಿಯುತ್ತದೆ. ಎದುರಾಳಿ ಏನು ಹೇಳಿದ ಎಂಬುದನ್ನು ಕೇಳಿಸಿಕೊಳ್ಳುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಉತ್ತರ ಮೊದಲೇ ಬರೆದಿಟ್ಟದ್ದಲ್ಲವೇ?

ಈ ಸ್ಪರ್ಧೆಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ಮನೆಯಲ್ಲಿ ದನಿ ಎತ್ತದ ಹೆಣ್ಣುಮಗಳೊಬ್ಬಳು ಮೈಕಿನ ಮುಂದೆ ನಿಂತು, ನಡುಗುತ್ತಲೇ ಮೊದಲ ವಾಕ್ಯ ಹೇಳಿ, ಮೂರನೆಯ ವಾಕ್ಯಕ್ಕೆ ಗಟ್ಟಿಯಾಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಸರ್ಕಾರಿ ಶಾಲೆಗಳಿಗೆ ಪ್ರತಿಭಾ ಕಾರಂಜಿ ಕೊಟ್ಟಿರುವ ದೊಡ್ಡ ಕೊಡುಗೆ ಇದು. ನನ್ನ ತಕರಾರು ಬೇರೆ ಕಡೆ ಇದೆ. ಯುದ್ಧ ಬೇಕೇ ಬೇಡವೇ ಎಂದು ಕೇಳಿದರೆ ಹದಿನೈದು ವರ್ಷದವರು ಹೇಳಬಲ್ಲದ್ದು ಒಳ್ಳೆಯ ಮಾತುಗಳನ್ನಷ್ಟೇ. ಇಂಥ ಯುದ್ಧ ಯಾಕಾಯಿತು ಎಂದು ಕೇಳಿದಾಗ ಮಾತ್ರ ಅವರು ಯೋಚಿಸಲೇಬೇಕಾಗುತ್ತದೆ. ನಮ್ಮ ಶಾಲೆಗಳು ಮೊದಲನೆಯದನ್ನು ಚರ್ಚೆಗೆ ಬಿಟ್ಟು, ಎರಡನೆಯದನ್ನು ನಾಲ್ಕು ಅಂಕದ ಪ್ರಶ್ನೆ ಮಾಡಿಟ್ಟಿವೆ.

ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಬ್ರಿಟಿಷ್ ಆಳ್ವಿಕೆಗೆ ಕರ್ನಾಟಕದಲ್ಲಿ ಎದುರಾದ ಪ್ರತಿರೋಧಗಳ ಪಾಠವಿದೆ. ಆಂಗ್ಲೋ-ಮೈಸೂರು ಯುದ್ಧಗಳು, ಕಿತ್ತೂರು, ರಾಯಣ್ಣ, ಸುರಪುರ, ಹಲಗಲಿ ಎಲ್ಲವೂ ಅದರಲ್ಲಿ ಬರುತ್ತವೆ. ಇವುಗಳ ನಡುವೆ ಧೋಂಡಿಯ ವಾಘ್ ಇದ್ದಾನೆ. ಅವನು ಹುಟ್ಟಿದ್ದು ಚನ್ನಗಿರಿಯಲ್ಲಿ. ಆ ತಾಲ್ಲೂಕಿನ ಮಕ್ಕಳೇ ಅವನನ್ನು ಬೇರೆ ಯಾವುದೋ ದೇಶದವನಂತೆ ಓದಿ, ‘ಹೋರಾಟವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆದು ಮುಂದೆ ಹೋಗುತ್ತಾರೆ.

ಅವನ ಕಥೆ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಹೈದರಾಲಿಯ ಸೈನ್ಯದಲ್ಲಿ ಕುದುರೆ ಸವಾರನಾಗಿದ್ದವನು, ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಟಿಪ್ಪುವಿನ ಸೇವೆ ಬಿಟ್ಟು ಮರಾಠರ ಗಡಿಯಲ್ಲಿ ತನ್ನದೇ ದಂಡು ಕಟ್ಟಿಕೊಂಡ. ಟಿಪ್ಪು ಅವನನ್ನು ಕರೆಸಿಕೊಂಡು ಕೊನೆಗೆ ಶ್ರೀರಂಗಪಟ್ಟಣದ ಸೆರೆಗೆ ಹಾಕಿದ. 1799ರ ಮೇ 4ರಂದು ಕೋಟೆ ಬಿದ್ದಾಗ ಹೊರಬಂದ ಧೋಂಡಿಯ, ಕೆಲಸ ಕಳೆದುಕೊಂಡ ಮೈಸೂರು ಸವಾರರನ್ನು ಕೂಡಿಸಿಕೊಂಡು ಬಿದನೂರಿನ ಕಡೆಗೆ ನುಗ್ಗಿದ. ಬ್ರಿಟಿಷರು ಆ ವರ್ಷವೇ ಅವನನ್ನು ತುಂಗಭದ್ರೆಯ ಆಚೆಗೆ ಅಟ್ಟಿದರೂ ಅವನು ಮತ್ತೆ ಬಲ ಕೂಡಿಸಿದ. ‘ಉಭಯ ಲೋಕಾಧೀಶ್ವರ’ ಎಂದು ತನ್ನನ್ನು ಕರೆದುಕೊಂಡ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿ ತಾನೇ ಕುದುರೆದಳದ ಮುಂದೆ ನಿಂತು ಅವನ ಮೇಲೆ ಬಿದ್ದ. ಧೋಂಡಿಯ ಅಲ್ಲೇ ಸತ್ತ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇದೇ ವೆಲ್ಲೆಸ್ಲಿ.

ಹಾಗಾದರೆ ಈ ಯುದ್ಧಕ್ಕೆ ಕಾರಣ ಯಾವುದು? ಒಬ್ಬನ ಮಹತ್ವಾಕಾಂಕ್ಷೆಯೇ? ಅವನು ಇಟ್ಟುಕೊಂಡ ಬಿರುದು ಹಾಗೆ ಹೇಳುತ್ತದೆ. ಸಂಬಳ ನಿಂತ ಸೈನಿಕರ ಹೊಟ್ಟೆಪಾಡೇ? ಒಂದು ರಾಜ್ಯದ ಸೈನ್ಯವನ್ನು ಗೆದ್ದವರು ಚದುರಿಸಿದರೆ, ಕತ್ತಿ ಬಿಟ್ಟು ಬೇರೆ ಕಸುಬು ಕಲಿಯದವರು ಎಲ್ಲಿಗೆ ಹೋಗಬೇಕು? ಹಳೆಯ ಪಾಳೆಯಗಾರರ ಅಸಮಾಧಾನವೇ? ನದಿ ದಾಟಿದರೆ ಬೇರೆಯವರ ಸೀಮೆ ಎಂಬ ಅನುಕೂಲವೇ? ಬ್ರಿಟಿಷರು ಅವನನ್ನು ಲೂಟಿಕೋರ ಎಂದರು, ನಮ್ಮ ಪುಸ್ತಕ ಪ್ರತಿರೋಧದ ಸಾಲಿನಲ್ಲಿ ಕೂರಿಸಿತು. ಅವನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅವನನ್ನು ಬೆನ್ನಟ್ಟಿದವರೇ ಬರೆದದ್ದು. ಶತ್ರುವಿನ ಕಾಗದದಿಂದ ಮನುಷ್ಯನ ಉದ್ದೇಶವನ್ನು ಎಷ್ಟು ತಿಳಿಯಬಹುದು ಎಂಬ ಪ್ರಶ್ನೆಯನ್ನು ಹತ್ತನೇ ತರಗತಿಯ ಮಕ್ಕಳು ಖಂಡಿತ ಎತ್ತಿಕೊಳ್ಳಬಲ್ಲರು. ಅದನ್ನು ಅವರ ಮುಂದೆ ಇಡುವವರು ಬೇಕು.

ಇನ್ನೊಂದು ಉದಾಹರಣೆ ಹೆಚ್ಚು ಕಷ್ಟದ್ದು, ಆದ್ದರಿಂದಲೇ ಹೆಚ್ಚು ಬೇಕಾದದ್ದು. ಸಂತೇಬೆನ್ನೂರಿನ ಪುಷ್ಕರಣಿಗೆ ಶಾಲಾ ಪ್ರವಾಸ ಹೋದ ಮಕ್ಕಳು ಹನುಮಪ್ಪ ನಾಯಕನ ಹೆಸರನ್ನೂ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರನ್ನೂ ಕೇಳುತ್ತಾರೆ. ದೇವಾಲಯ ಕೆಡವಿದ್ದು, ಮುಸಾಫಿರ್ ಖಾನೆ ಎದ್ದದ್ದು, ನಾಯಕ ಸೇಡು ತೀರಿಸಿಕೊಂಡದ್ದು ಹೀಗೆ ಕಥೆ ಸಾಗುತ್ತದೆ. ಕಾರಣ ಒಂದೇ ಎಂಬಂತೆ ಬಸ್ಸು ಹತ್ತುತ್ತಾರೆ. ಆದರೆ 1637ರ ಸುಮಾರಿಗೆ ರಣದುಲ್ಲಾ ಖಾನನ ದಂಡು ಇಕ್ಕೇರಿಯ ಮೇಲೆ ಹೋದಾಗ ಅದರ ಜೊತೆಗಿದ್ದವನು ಬಸವಾಪಟ್ಟಣದ ನಾಯಕ ಕೆಂಗ ಹನುಮ. ಇಕ್ಕೇರಿಯಲ್ಲಿದ್ದ ಕೆಳದಿಯ ವೀರಭದ್ರ ನಾಯಕನ ಮೇಲೆ ಅವನಿಗಿದ್ದ ಹಗೆ ಬಿಜಾಪುರದ ಭಯಕ್ಕಿಂತ ದೊಡ್ಡದಾಗಿತ್ತು. ವೀರಭದ್ರ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದ, ಬಸವಾಪಟ್ಟಣವೂ ಮುಂದೆ ಬಿಜಾಪುರದ ಪಾಲಾಯಿತು. ಧರ್ಮವೇ ಕಾರಣ ಎನ್ನುವ ತಂಡ ಕೆಂಗ ಹನುಮನಿಗೆ ಉತ್ತರ ಹೇಳಬೇಕು. ನೆರೆಹೊರೆಯ ಹಗೆಯೇ ಕಾರಣ ಎನ್ನುವ ತಂಡ ದೇವಾಲಯದ ಕಥೆಗೆ ಉತ್ತರ ಹೇಳಬೇಕು. ಇಬ್ಬರಿಗೂ ಸುಲಭವಿಲ್ಲ. ಚರ್ಚೆಯೆಂದರೆ ಹೀಗಿರಬೇಕು.

ಇಂಥ ವಿಷಯ ಎತ್ತಲು ಶಿಕ್ಷಕರು ಹೆದರುತ್ತಾರೆ. ಒಂದು ಜಾತಿಗೆ, ಒಂದು ಧರ್ಮಕ್ಕೆ ನೋವಾಯಿತೆಂದು ಮರುದಿನ ಶಾಲೆಯ ಗೇಟಿಗೆ ಜನ ಬಂದರೆ ಅವರ ಪರ ನಿಲ್ಲುವವರು ಯಾರು? ಈ ಭಯವನ್ನು ನಾನು ಕ್ಷುಲ್ಲಕವೆನ್ನಲಾರೆ. ಆದರೆ ಶಾಲೆ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಟಿವಿಯ ಕೂಗಾಟವೂ ಮೊಬೈಲಿಗೆ ಬರುವ ವಿಡಿಯೋಗಳೂ ಅಲ್ಲಿ ಬಂದು ಕೂರುತ್ತವೆ, ಮತ್ತು ಅವು ಒಂದೇ ಕಾರಣವನ್ನು ಹೇಳುತ್ತವೆ.

ಮೊದಲ ಮಹಾಯುದ್ಧದ ಪಾಠಕ್ಕೂ ಇದೇ ಗತಿ. ಸಾಮ್ರಾಜ್ಯಶಾಹಿ, ಮೈತ್ರಿಕೂಟಗಳು, ಉಗ್ರ ರಾಷ್ಟ್ರೀಯತೆ, ತಕ್ಷಣದ ಕಾರಣಕ್ಕೆ ಸರಾಯೆವೊ. 1914ರ ಜೂನ್ 28ರ ಕೊಲೆಗೂ ಜುಲೈ 28ರ ಯುದ್ಧ ಘೋಷಣೆಗೂ ನಡುವೆ ಒಂದು ತಿಂಗಳಿತ್ತು. ಆ ತಿಂಗಳಲ್ಲಿ ಯಾರು ಯಾರು ಏನು ನಿರ್ಧರಿಸಿದರು, ಯಾರು ತಡೆಯಬಹುದಿತ್ತು ಎಂಬುದೇ ಪಟ್ಟಿಯಲ್ಲಿ ಇಲ್ಲ. 1961ರಲ್ಲಿ ಇತಿಹಾಸಕಾರ ಫ್ರಿಟ್ಸ್ ಫಿಶರ್ ಜರ್ಮನಿಯ ಮೇಲೆ ಹೊಣೆ ಹೊರಿಸಿದರು, 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಎಲ್ಲ ರಾಜಧಾನಿಗಳನ್ನೂ ಕಟಕಟೆಗೆ ತಂದರು. ಇತಿಹಾಸಕಾರರಿಗೆ ಇನ್ನೂ ಬಗೆಹರಿಯದ್ದು ನಮ್ಮ ಮಕ್ಕಳಿಗೆ ನಾಲ್ಕು ಸಾಲಿನಲ್ಲಿ ಬಗೆಹರಿದಿದೆ. ಇದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕಾದಿತು. ಆಸ್ಟ್ರಿಯಾದ ರಾಜಕುಮಾರ ಸತ್ತದ್ದಕ್ಕೆ ಮೈಸೂರಿನ ಸವಾರ ಅಲ್ಲಿಗೆ ಯಾಕೆ ಹೋದ ಎಂದು ಒಬ್ಬ ಹುಡುಗ ಕೇಳಿದರೆ ಪಾಠ ಅಲ್ಲಿಂದ ಜೀವ ಪಡೆಯುತ್ತದೆ.

ವಾದ ಕಲಿಸುವ ಬಗೆಗೆ ನಾವು ದೂರ ಹುಡುಕಬೇಕಿಲ್ಲ. ಇಲ್ಲಿಂದ ಪಡುವಣಕ್ಕೆ, ಮಲೆನಾಡು ಕರಾವಳಿಗಳಲ್ಲಿ ತಾಳಮದ್ದಳೆಯಿದೆ. ಕೃಷ್ಣ ಸಂಧಾನದ ಪ್ರಸಂಗದಲ್ಲಿ ಪದ್ಯವಷ್ಟೇ ಗೊತ್ತಾದದ್ದು, ಅರ್ಥ ಅಲ್ಲೇ ಹುಟ್ಟಬೇಕು. ಐದು ಹಳ್ಳಿ ಕೊಡು ಎಂದು ಕೃಷ್ಣ ಕೇಳಿದಾಗ, ಯಾಕೆ ಕೊಡಲಾರೆ ಎಂದು ಕೌರವನ ಅರ್ಥಧಾರಿ ಆ ಕ್ಷಣ ಕಟ್ಟಿ ಹೇಳಬೇಕು, ಅದೂ ಕೃಷ್ಣ ಆಗಷ್ಟೇ ಆಡಿದ ಮಾತಿಗೆ ತಗಲುವಂತೆ. ಕೌರವ ಸಪ್ಪೆಯಾದರೆ ಪ್ರಸಂಗವೇ ಕೆಟ್ಟಿತು ಎಂದು ರಸಿಕರು ಎದ್ದು ಹೋಗುತ್ತಾರೆ. ತನಗೆ ಒಪ್ಪಿಗೆಯಿಲ್ಲದವನ ಮನಸ್ಸಿನೊಳಗೆ ಹೊಕ್ಕು ಮಾತಾಡುವ ಈ ಅಭ್ಯಾಸವೇ ಯುದ್ಧದ ಕಾರಣ ತಿಳಿಯಲು ಬೇಕಾದದ್ದು. ನಮ್ಮ ಚರ್ಚಾಸ್ಪರ್ಧೆ ಅದರ ನೆರಳನ್ನೂ ಮುಟ್ಟಿಲ್ಲ.

ಸ್ಪರ್ಧೆಯ ನಿಯಮ ಬದಲಾಯಿಸುವುದು ಕಷ್ಟವೇನಲ್ಲ. ‘ಯುದ್ಧ ಅನಿವಾರ್ಯವೇ’ ಎಂಬುದನ್ನು ಕೈಬಿಟ್ಟು, ನಿಶ್ಚಿತವಾದ ಒಂದು ಯುದ್ಧವನ್ನು ಮೊದಲೇ ತಿಳಿಸಲಿ. 1748-49ರ ಮಾಯಕೊಂಡದ ಕದನವನ್ನೇ ಕೊಡಲಿ, ಚಿತ್ರದುರ್ಗದ ನಾಯಕ ಅಲ್ಲೇ ಮಡಿದ. ಅವನ ಪಕ್ಕದಲ್ಲಿ ಆರ್ಕಾಟಿನ ಚಂದಾ ಸಾಹೇಬ ಯಾಕಿದ್ದ ಎಂದು ಹುಡುಕುತ್ತ ಹೋದರೆ ಮಕ್ಕಳು ಪಾಂಡಿಚೇರಿಯ ಫ್ರೆಂಚರವರೆಗೆ ತಲುಪುತ್ತಾರೆ. ಪರವೋ ವಿರೋಧವೋ ಎಂಬುದನ್ನು ವೇದಿಕೆ ಹತ್ತುವ ಮುನ್ನ ಚೀಟಿ ಎತ್ತಿ ಹೇಳಲಿ, ಆಗ ಎರಡೂ ಕಡೆ ಓದದೆ ಗತಿಯಿಲ್ಲ. ಮೊದಲ ಮಾತಿನಷ್ಟೇ ಸಮಯ ಎದುರಾಳಿಗೆ ಉತ್ತರಿಸಲು ಸಿಗಲಿ. ತೀರ್ಪುಗಾರರ ಹಾಳೆಯಲ್ಲಿ ಹಾವಭಾವಕ್ಕೂ ಉಚ್ಚಾರಣೆಗೂ ಇಡುವ ಅಂಕದಲ್ಲಿ ಅರ್ಧವನ್ನಾದರೂ ತೆಗೆದು, ‘ಎದುರಾಳಿಯ ಯಾವ ಮಾತನ್ನು ಒಪ್ಪಿದಳು, ಯಾವುದನ್ನು ಯಾವ ಆಧಾರದಿಂದ ತಳ್ಳಿಹಾಕಿದಳು’ ಎಂಬುದಕ್ಕೆ ಕೊಡಲಿ. ಚನ್ನಗಿರಿ ತಾಲ್ಲೂಕು ಮಟ್ಟದ ಸ್ಪರ್ಧೆಯಿಂದಲೇ ಇದನ್ನು ಶುರು ಮಾಡಬಹುದು, ಮೊದಲ ವಿಷಯಕ್ಕೆ ಧೋಂಡಿಯ ವಾಘ್ ಇದ್ದೇ ಇದ್ದಾನೆ.